ಪದಚರ್ಚೆ: ಇಂಜಿನ್ನಿನ ಸದ್ದು ‘ಟಕಟಕ’ವೋ ‘ಟಪಟಪ’ವೋ?

ಗೆಳೆಯರೆ,

ಈ ಪ್ರಶ್ನೆ ಹುಟ್ಟಿದ್ದು ಚಿಕ್ಕಬಳ್ಳಾಪುರದ ಒಂದು ಗ್ಯಾರೇಜಿನಲ್ಲಿ. ಸ್ವಲ್ಪ ಗ್ರೀಸಿನ ವಾಸನೆ ಬಂದರೆ ಸಹಿಸಿಕೊಳ್ಳಿ.

ನಮ್ಮದು ಹದಿಮೂರು ವರ್ಷ ಓಡಿದ ಪೆಟ್ರೋಲ್ ಕಾರು. ನಂದಿ ಬೆಟ್ಟದ ಕಡೆಯಿಂದ ಚಳಿ ಇಳಿಯುವ ಡಿಸೆಂಬರ್ ಬೆಳಗಿನಲ್ಲಿ ಅದನ್ನು ಸ್ಟಾರ್ಟ್ ಮಾಡಿದರೆ ಎದುರುಮನೆಯವರು ಕಿಟಕಿ ತೆರೆದು ನೋಡಬೇಕು, ಅಷ್ಟು ಸದ್ದು. ಹತ್ತು ನಿಮಿಷ ಓಡಿಸಿದರೆ ಮಾತ್ರ ತನಗೇನೂ ಗೊತ್ತಿಲ್ಲ ಎಂಬಂತೆ ಸುಮ್ಮನಾಗುತ್ತದೆ. ಗ್ಯಾರೇಜು ಸೇರುವ ಹೊತ್ತಿಗೆ, ಡಾಕ್ಟರ ಮುಂದೆ ಕೂತ ಕೂಡಲೇ ಮಾಯವಾಗುವ ಕೆಮ್ಮಿನ ಹಾಗೆ, ಸದ್ದೇ ಇಲ್ಲ. ಮೆಕ್ಯಾನಿಕ್‌ಗೆ ಕೊಡಲು ನನ್ನ ಹತ್ತಿರ ಉಳಿದದ್ದು ಬರೀ ಮಾತು.

“ಇಂಜಿನ್ ತುಂಬಾ ಶಬ್ದ ಮಾಡ್ತಿದೆ” ಅಂದೆ. ಅವರು ಬಾಗೇಪಲ್ಲಿ ಕಡೆಯವರು, ಮನೆಮಾತು ತೆಲುಗು. ಸ್ಪ್ಯಾನರ್ ಕೆಳಗಿಟ್ಟು ಕೇಳಿದರು: “ಶಬ್ದ ಅಂದ್ರೆ ಹೆಂಗೆ ಸಾರ್? ಸೆಲ್ಫ್ ಹೊಡೆಯೋವಾಗ್ಲಾ, ಇಂಜಿನ್ ಎದ್ದ ಮೇಲಾ? ಟಕಟಕನಾ, ಟಪಟಪನಾ?”

ಎರಡೂ ಒಂದೇ ಅಲ್ಲವೆ ಎಂದೆ. ಅವರು ನಕ್ಕರು. ಟಕಟಕ ಆದರೆ ವಾಲ್ವನ್ನು ತಳ್ಳುವ ಟ್ಯಾಪೆಟ್, ಟಪಟಪ ಆದರೆ ಜೋಡಣೆಯ ಸಂದಿ ಮುಚ್ಚುವ ಗ್ಯಾಸ್ಕೆಟ್ ಅಂತೆ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಆಯಿಲ್ ಇಂಜಿನ್ನಿನ ತಳದ ತೊಟ್ಟಿಗೆ (ಸಂಪ್) ಇಳಿದುಬಿಟ್ಟಿರುತ್ತದೆ. ಬೆಳಗ್ಗೆ ಅದು ಮೇಲೇರಿ ವಾಲ್ವುಗಳನ್ನು ತಲುಪುವವರೆಗೆ ಲೋಹ ಲೋಹಕ್ಕೇ ಬಡಿಯುತ್ತದೆ: ಟಕಟಕ. ಎರಡು ಮೂರು ಸೆಕೆಂಡಿನಲ್ಲಿ ನಿಂತರೆ ಗಾಬರಿ ಬೇಡ, ನಿಲ್ಲದಿದ್ದರೆ ಆಯಿಲ್ ಮಟ್ಟ ನೋಡಬೇಕು, ಕಂಪನಿ ಹೇಳಿದ ದಪ್ಪದ ಆಯಿಲೇ ಇದೆಯೇ ಎಂದೂ ನೋಡಬೇಕು. ಟಪಟಪದ ಕಥೆ ಬೇರೆ. ಇಂಜಿನ್ನಿಗೂ ಅದರ ಹೊಗೆಯನ್ನು ಒಟ್ಟುಮಾಡಿ ಸಾಗಿಸುವ ಕೊಳವೆಗೂ (ಎಕ್ಸಾಸ್ಟ್ ಮ್ಯಾನಿಫೋಲ್ಡ್) ನಡುವಿನ ಗ್ಯಾಸ್ಕೆಟ್ ಸೀಳಿದ್ದರೆ ಹೊಗೆಗಾಳಿ ಸೈಲೆನ್ಸರಿನ ದಾರಿ ಬಿಟ್ಟು ಆ ಸಂದಿಯಲ್ಲೇ ಹೊರಗೆ ನುಗ್ಗುತ್ತದೆ. ಬಿಸಿಯಾದಂತೆ ಕಬ್ಬಿಣ ಹಿಗ್ಗಿ ಸಂದಿ ಮುಚ್ಚಿಕೊಳ್ಳುತ್ತದೆ, ಸದ್ದೂ ಅಡಗುತ್ತದೆ.

ಗಾಡಿಯನ್ನು ರಾತ್ರಿ ಅಲ್ಲೇ ಬಿಟ್ಟು ಬಂದೆ. ಬೆಳಗ್ಗೆ ಬಾನೆಟ್ ಎತ್ತಿ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿದರು. ಟಪಟಪವೇ. ಮ್ಯಾನಿಫೋಲ್ಡಿನ ಜೋಡಣೆಯ ಹತ್ತಿರ ಕಾಡಿಗೆಯಂಥ ಮಸಿ, ಅದನ್ನು ಬಿಗಿಹಿಡಿಯುವ ಬೋಲ್ಟಿನಂಥ ಒಂದು ಸ್ಟಡ್ ತುಂಡಾಗಿತ್ತು. ಸ್ಟಡ್ಡೂ ಗ್ಯಾಸ್ಕೆಟ್ಟೂ ಹೊಸದಾದ ಮೇಲೆ ಎದುರುಮನೆಯ ಕಿಟಕಿ ತೆರೆದಿಲ್ಲ.

ಈಗ ನನ್ನ ತಲೆಯಲ್ಲಿ ಓಡುತ್ತಿರುವುದಕ್ಕೆ ಬರುತ್ತೇನೆ. ಶಾಲೆಯಲ್ಲಿ ಇವನ್ನು ಅನುಕರಣಾವ್ಯಯ ಎಂದು ಎರಡು ಸಾಲಿನಲ್ಲಿ ಮುಗಿಸಿದ್ದರು, ನಾವೂ ಉದಾಹರಣೆಗೆ ಧಗಧಗ, ಚಟಚಟ ಎಂದು ಬರೆದು ಅಂಕ ತೆಗೆದುಕೊಂಡೆವು. ಆದರೆ ಒಳಗೆ ಒಂದು ಲೆಕ್ಕಾಚಾರ ಇದ್ದಂತಿದೆ. ಗಟ್ಟಿ ವಸ್ತು ಗಟ್ಟಿ ವಸ್ತುವಿಗೆ ತಾಗಿದರೆ ಕಕಾರ: ಟಕಟಕ, ಕಟಕಟ. ಗಾಳಿಯೋ ಮೆತ್ತನೆಯದೋ ಸೇರಿದರೆ ತುಟಿಯ ಅಕ್ಷರ: ಟಪಟಪ, ಪಟಪಟ, ಬುಸುಬುಸು. ತುಟಿ ತೆರೆದಾಗ ನಮ್ಮ ಬಾಯಿಂದ ಗಾಳಿ ಹಾರುವಂತೆಯೇ ಗ್ಯಾಸ್ಕೆಟ್ಟಿನಿಂದಲೂ ಹಾರುತ್ತದಲ್ಲ! ತಿರುಗಿ ಉಜ್ಜಿದರೆ ರಕಾರ: ಗರಗರ, ಕಿರಕಿರ. ಕಟಕಟ ಭಾರವಾದರೆ ಗಡಗಡ. ಬಿಗಿ ತಪ್ಪಿದ್ದಕ್ಕೆ ಲೊಟಲೊಟ, ಸೈಲೆನ್ಸರಿನ ಮೇಲಿನ ತಗಡು ಸಡಿಲವಾದಾಗ ಇದಕ್ಕಿಂತ ಸರಿಯಾದ ಮಾತಿಲ್ಲ. ಇದು ನಿಯಮ ಅಂತ ನಾನು ಹಟ ಹಿಡಿಯುವುದಿಲ್ಲ. ಪಟಪಟ ಮಾತಾಡುವವರ ಬಾಯಲ್ಲಿ ಯಾವ ಗ್ಯಾಸ್ಕೆಟ್ ಹೋಗಿರುತ್ತದೆ?

‘ಸೆಲ್ಫ್’ ಇನ್ನೊಂದು ಮಜಾ. ಕೈಯಿಂದ ಹ್ಯಾಂಡಲ್ ತಿರುಗಿಸುವ ಕಷ್ಟ ತಪ್ಪಿಸಿ 1912ರಲ್ಲಿ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ತಿನ ಸೆಲ್ಫ್ ಸ್ಟಾರ್ಟರ್ ಬಂತು. ನಮ್ಮಲ್ಲಿ ಅದರ ಬಾಲ ಕತ್ತರಿಸಿ, ತಲೆಗೆ ಕನ್ನಡದ ಕ್ರಿಯಾಪದ ಅಂಟಿಸಿದರು: ಸೆಲ್ಫ್ ಹೊಡಿ, ಸೆಲ್ಫ್ ತಗೊಳ್ತಿಲ್ಲ, ಸೆಲ್ಫ್ ಕಚ್ತಿಲ್ಲ. ‘ಕಚ್ಚು’ ಬಂದದ್ದು ಸಹಜವೇ, ಅದರ ಪಿನಿಯನ್ ಎಂಬ ಪುಟ್ಟ ಚಕ್ರಕ್ಕೂ ಇಂಜಿನ್ನಿನ ಫ್ಲೈವೀಲ್ ಎಂಬ ದೊಡ್ಡ ಚಕ್ರದ ರಿಂಗಿಗೂ ಹಲ್ಲುಗಳಿವೆಯಲ್ಲ. ಹಲ್ಲು ಸವೆದು ಸರಿಯಾಗಿ ಕಚ್ಚದೆ ಗರ್ರ್ ಅಂದರೆ ನಮ್ಮ ಮೆಕ್ಯಾನಿಕ್ “ಹಲ್ಲು ಕಡೀತಾ ಐತೆ” ಅನ್ನುತ್ತಾರೆ, ನಿದ್ದೆಯಲ್ಲಿ ಮಕ್ಕಳು ಕಡಿಯುವ ಹಾಗೆ. ಬರೀ ಟಿಕ್ ಟಿಕ್ ಅಂದರೆ ಮೊದಲ ಅನುಮಾನ ಬ್ಯಾಟರಿಯ ಮೇಲೆ, ಚೆನ್ನಾಗಿ ಚಾರ್ಜಾದದ್ದು ಸುಮ್ಮನಿರುವಾಗ 12.6 ವೋಲ್ಟಿನ ಆಸುಪಾಸು ತೋರಿಸಬೇಕು. ಇಂಜಿನ್ ಎದ್ದ ಕೂಡಲೇ ಕುಯ್ಯೋ ಎಂದರೆ “ಬೆಲ್ಟು ಕೂಗ್ತೈತೆ”.

ಕೊನೆಗೊಂದು ಗೊಂದಲ. ಶಬ್ದ, ಸದ್ದು, ಸಪ್ಪಳ ಮೂರನ್ನೂ ನಾನು ಒಂದೇ ಎಂಬಂತೆ ಬಳಸುತ್ತಿದ್ದೆ. ಸದ್ದು ಶಬ್ದದ ತದ್ಭವ, ಅದು ಸರಿ. ಸಪ್ಪಳ ನಮ್ಮದೇ, ತೆಲುಗಿನ ಚಪ್ಪುಡು ಅದರ ನೆಂಟ. ಆ ಮೆಕ್ಯಾನಿಕ್ ಸಣ್ಣದಕ್ಕೆ ಸಪ್ಪಳ ಎಂದೂ, ಬಿಡದೆ ಹೊಡೆಯುವ ದೊಡ್ಡದಕ್ಕೆ ತೆಲುಗಿನ ಮೋತ ಎಂದೂ ಬೇರೆ ಮಾಡುತ್ತಿದ್ದರು. ನಾವು ಕನ್ನಡದಲ್ಲಿ ಗೆಜ್ಜೆಗೂ ಹೆಜ್ಜೆಗೂ ಸಪ್ಪಳ ಅನ್ನುತ್ತೇವೆ, ಗುಡುಗಿಗೆ ಅನ್ನುವುದಿಲ್ಲ. ಹಾಗಾದರೆ ಕಾರಿನ ಆ ದೊಡ್ಡ ಸದ್ದಿಗೆ ಮೋತದಂಥ ಒಂದೇ ಪದ ಆಡುಗನ್ನಡದಲ್ಲಿ ಏನಿದೆ? ಮೊಳಗು ಇದೆ, ಆದರೆ ಹಳೇ ಕಾರು ಮೊಳಗಿತು ಎಂದರೆ ಮೆರವಣಿಗೆ ಹೊರಟಂತಾಗುತ್ತದೆ.

ತುಮಕೂರು, ಶಿರಾ ಕಡೆಯವರು, ಕೋಲಾರ, ಮುಳಬಾಗಿಲಿನವರು ನಿಮ್ಮೂರಿನ ಗ್ಯಾರೇಜಿನಲ್ಲಿ ಕೇಳಿ ತಿಳಿಸುತ್ತೀರಾ? ಟಕಟಕ, ಟಪಟಪಗಳ ವ್ಯತ್ಯಾಸ ಅಲ್ಲೂ ಹೀಗೇ ಇದೆಯೇ? ಬೋರ್‌ವೆಲ್ ಮೋಟರು, ಟ್ರ್ಯಾಕ್ಟರು ರಿಪೇರಿ ಮಾಡುವವರ ಮಾತೂ ಆಗುತ್ತದೆ.