ಬೋರ್‌ವೆಲ್ ನೀರಿಗೆ ಆರ್‌ಒ ಬೇಕೇ ಬೇಕಾ?

ಪ್ರಶ್ನೆ: ನಮಸ್ಕಾರ ಸರ್. ನಮ್ಮದು ಬೋರ್‌ವೆಲ್ ನೀರು, ಟಿಡಿಎಸ್ (ನೀರಿನಲ್ಲಿ ಕರಗಿದ ಲವಣದ ಪ್ರಮಾಣ) 420. ಫಿಲ್ಟರ್ ಮಾರುವವರೊಬ್ಬರು ಮನೆಗೆ ಬಂದು, ಒಂದು ಲೋಟದಲ್ಲಿ ಆರ್‌ಒ (ಸೂಕ್ಷ್ಮ ಪೊರೆಯಿಂದ ಲವಣ ಸೋಸಿ ತೆಗೆಯುವ ಫಿಲ್ಟರ್) ನೀರು, ಇನ್ನೊಂದರಲ್ಲಿ ನಮ್ಮ ನಲ್ಲಿ ನೀರು ಇಟ್ಟು ಕರೆಂಟ್ ಕಡ್ಡಿ ಅದ್ದಿದರು. ಆರ್‌ಒ ನೀರು ಹಾಗೇ ಇತ್ತು. ನಮ್ಮದು ಎರಡೇ ನಿಮಿಷದಲ್ಲಿ ಕಂದು ಬಣ್ಣಕ್ಕೆ ತಿರುಗಿ ಮೇಲೆ ಕೊಳೆ ತೇಲಿತು! ಇದನ್ನೇ ಮಕ್ಕಳಿಗೆ ಕುಡಿಸಿದೆವಲ್ಲ ಅಂತ ನಿದ್ದೆಯೇ ಬರಲಿಲ್ಲ. ಆರ್‌ಒ ಹಾಕಿಸಲೇಬೇಕಾ?

ಉತ್ತರ: ಮೊದಲು ಸಮಾಧಾನ ಮಾಡಿಕೊಳ್ಳಿ ಮೇಡಂ. ಆ ಕೊಳೆ ನಿಮ್ಮ ನೀರಿನದಲ್ಲ, ಕಡ್ಡಿಯದು. ಅದರಲ್ಲಿರುವ ಕಬ್ಬಿಣ ಕರೆಂಟ್ ಹರಿದಾಗ ಕರಗಿ ತುಕ್ಕಾಗಿ ತೇಲುತ್ತದೆ. ಆರ್‌ಒ ನೀರಿನಲ್ಲಿ ಲವಣ ತೀರಾ ಕಡಿಮೆ, ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ, ಅದಕ್ಕೇ ತಿಳಿಯಾಗಿ ಉಳಿಯಿತು. ಅವರು ಮತ್ತೆ ಬಂದರೆ ಅದೇ ಆರ್‌ಒ ನೀರಿಗೆ ಚಿಟಿಕೆ ಉಪ್ಪು ಹಾಕಿ ಕಡ್ಡಿ ಅದ್ದಲು ಹೇಳಿ. ಅದೂ ಕಂದಾಗುತ್ತದೆ.

ಟಿಡಿಎಸ್ ಮೀಟರ್ ಅಳೆಯುವುದೂ ಇದೇ ಕರೆಂಟ್ ಹರಿವನ್ನು. ಕರಗಿದ ಲವಣ ಒಟ್ಟು ಎಷ್ಟಿದೆ ಅಂತ ಅಂದಾಜು ಹೇಳುತ್ತದೆ ಅಷ್ಟೇ. ಬ್ಯಾಕ್ಟೀರಿಯಾ ಇದ್ದರೂ ಅದಕ್ಕೆ ಕಾಣುವುದಿಲ್ಲ, ಫ್ಲೋರೈಡ್ ಎಷ್ಟು ಅಂತಲೂ ಗೊತ್ತಾಗುವುದಿಲ್ಲ. ಹಾಗಾಗಿ 420 ಅನ್ನುವ ಅಂಕಿ ನೋಡಿ ಏನೂ ಕೊಳ್ಳಬೇಡಿ. ಲ್ಯಾಬ್‌ನಲ್ಲಿ ಫ್ಲೋರೈಡ್, ನೈಟ್ರೇಟ್, ಆರ್ಸೆನಿಕ್, ಗಡಸುತನ, ಕೋಲಿಫಾರ್ಮ್ (ಕೊಳೆ ನೀರು ಸೇರಿರಬಹುದು ಅಂತ ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆ ಮಾಡಿಸಿ. ಕೋಲಿಫಾರ್ಮ್‌ಗೆ ಲ್ಯಾಬ್‌ನವರೇ ಕೊಡುವ ಬಾಟಲಿ ಬೇಕು. ಅದನ್ನು ತೊಳೆಯಬೇಡಿ, ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ, ನೀರು ತುಂಬಿದ ಮೇಲೆ ತಣ್ಣಗಿಟ್ಟು ಅದೇ ದಿನ ತಲುಪಿಸಿ. ವರದಿ ಬರುವ ತನಕ ಚೆನ್ನಾಗಿ ಕುದಿಸಿ ಆರಿಸಿ ಕುಡಿಯಿರಿ.

ಪ್ರಶ್ನೆ: ಸರ್, ವರದಿ ಬಂತು. ಫ್ಲೋರೈಡ್ 2.1, ನೈಟ್ರೇಟ್ 18, ಆರ್ಸೆನಿಕ್ ಇಲ್ಲ. ಕೋಲಿಫಾರ್ಮ್ ಇದೆ ಅಂತ ಬರೆದಿದ್ದಾರೆ.

ಉತ್ತರ: ಹಾಗಾದರೆ ನಿಮಗೆ ಆರ್‌ಒ ಹಾಕಿಸಿ ಅಂತಲೇ ಹೇಳುತ್ತೇನೆ. ಕಾರಣ ಮಾತ್ರ ಆ ಕಂದು ನೀರಲ್ಲ, ಫ್ಲೋರೈಡ್. ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಮಿತಿ ಲೀಟರಿಗೆ 1.5 ಮಿಲಿಗ್ರಾಂ. ಅದಕ್ಕಿಂತ ಜಾಸ್ತಿ ಇರುವ ನೀರನ್ನು ವರ್ಷಗಟ್ಟಲೆ ಕುಡಿದರೆ ಮಕ್ಕಳ ಹಲ್ಲಿನ ಮೇಲೆ ಕಲೆ ಬೀಳುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ಯುವಿಯಿಂದಲೂ (ಕ್ರಿಮಿ ಕೊಲ್ಲುವ ನೇರಳಾತೀತ ಬೆಳಕು) ಹೋಗುವುದಿಲ್ಲ. ಕೋಲಿಫಾರ್ಮ್ ಇರುವುದರಿಂದ ಆರ್‌ಒ ಜೊತೆಗೆ ಯುವಿ ಇರುವ ಮಾದರಿ ತೆಗೆದುಕೊಳ್ಳಿ. ಆದರೆ ಅದಕ್ಕೂ ಮೊದಲು ಟ್ಯಾಂಕ್ ಖಾಲಿ ಮಾಡಿಸಿ, ಉಜ್ಜಿ ತೊಳೆಸಿ, ಕ್ಲೋರಿನ್ ಹಾಕಿಸಿ. ಬೋರ್‌ವೆಲ್ ಬಾಯಿಯ ಸುತ್ತ ಬಿರುಕಿದ್ದರೆ ಮುಚ್ಚಿಸಿ, ಕೊಳೆ ನೀರು ಅಲ್ಲಿಂದಲೇ ಇಳಿಯುವುದು. ಆರ್‌ಒ ಹೊರಗೆ ಬಿಡುವ ನೀರನ್ನು ಹಿಡಿದಿಟ್ಟು ನೆಲ ಒರೆಸಲು ಬಳಸಿ.

ಇನ್ನೊಬ್ಬ ಸದಸ್ಯರು: ನಮ್ಮದು ನದಿ ನೀರು ಸರ್, ಶುದ್ಧೀಕರಿಸಿಯೇ ಬಿಡುತ್ತಾರೆ. ಟಿಡಿಎಸ್ 110. ಕ್ಲೋರಿನ್ ವಾಸನೆ ಒಂದೇ ತೊಂದರೆ.

ಉತ್ತರ: ನಿಮಗೆ ಆರ್‌ಒ ಬೇಡವೇ ಬೇಡ, ಸುಮ್ಮನೆ ನೀರು ಪೋಲು. ವಾಸನೆಗೆ ಕಾರ್ಬನ್ ಫಿಲ್ಟರ್ ಸಾಕು. ಕ್ಲೋರಿನ್ ತೆಗೆದ ಮೇಲೆ ನೀರಿಗೆ ರಕ್ಷಣೆ ಇರುವುದಿಲ್ಲ, ಅದಕ್ಕೇ ಕಾರ್ಬನ್ ಆದ ಮೇಲೆ ಯುವಿ ಇರಲಿ. ಯುವಿ ದೀಪ ಉರಿಯುತ್ತಿದೆಯಲ್ಲ ಅಂತ ಬಿಡಬೇಡಿ. ಬೆಳಕು ಕಂಡರೂ ಶಕ್ತಿ ಇಳಿದಿರುತ್ತದೆ, ಸಾಮಾನ್ಯವಾಗಿ ವರ್ಷಕ್ಕೊಮ್ಮೆ ಬದಲಿಸಬೇಕು. ಮಳೆಗಾಲದಲ್ಲಿ ನೀರು ಕದಡಿ ಬಂದರೆ ಎಲ್ಲಕ್ಕೂ ಮೊದಲು, ಮಣ್ಣಿನ ಕಣ ಸೋಸುವ ಒಂದು ಸೆಡಿಮೆಂಟ್ ಫಿಲ್ಟರ್ ಹಾಕಿಸಿ. ಕದಡಿದ ನೀರಿನಲ್ಲಿ ಯುವಿ ಬೆಳಕು ಒಳಗೆ ತಲುಪುವುದಿಲ್ಲ.