ಪದಚರ್ಚೆ: ಎಮರ್ಜೆನ್ಸಿ ಲೈಟುಗಳ ತಪಾಸಣೆ ರಿಜಿಸ್ಟರಿನಲ್ಲಿ ‘ನಾನ್-ಮೇಂಟೇನ್ಡ್’ ಅನ್ನುವುದಕ್ಕೆ ಏನು ಬರೆಯೋಣ?

ಬಳಗದ ಎಲ್ಲರಿಗೂ ನಮಸ್ಕಾರ.

ದೊಡ್ಡ ಕಟ್ಟಡಗಳ ವಿದ್ಯುತ್ ಕೆಲಸ ನೋಡಿಕೊಳ್ಳುವವರಿಗಾಗಿ ಒಂದು ಕೈಪಿಡಿ, ಅದರ ಜತೆಗೊಂದು ತಪಾಸಣೆ ರಿಜಿಸ್ಟರು ಕನ್ನಡದಲ್ಲಿ ತಯಾರಾಗುತ್ತಿದೆ. ಕರಡಿನ ಭಾಷೆ ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಕಚೇರಿ, ಆಸ್ಪತ್ರೆ, ಚಿತ್ರಮಂದಿರ, ಮಳಿಗೆಗಳಲ್ಲಿ ಮಾಮೂಲಿ ದೀಪ ಆರಿದಾಗ ಜನರಿಗೆ ಹೊರಗೆ ಹೋಗುವ ದಾರಿ ಕಾಣಿಸುವ ಎಮರ್ಜೆನ್ಸಿ ಲೈಟುಗಳು, ಅವುಗಳ ಪಾಲನೆ ಮತ್ತು ಪರೀಕ್ಷೆ ಅದರ ವಿಷಯ. ಕರಡನ್ನು ಓದುತ್ತಾ ಹೋದಂತೆ ಕೆಲವು ಪದಗಳು ಓದುವವನನ್ನು ತಪ್ಪು ಕೆಲಸಕ್ಕೇ ಹಚ್ಚುತ್ತವೆ ಅನ್ನಿಸಿತು. ಅದಕ್ಕೇ ಈ ಪತ್ರ.

ಮೊದಲು ನನ್ನನ್ನು ಬಹಳ ಕಾಡಿದ ಜೋಡಿ: ಮೇಂಟೇನ್ಡ್, ನಾನ್-ಮೇಂಟೇನ್ಡ್. ಕರಡಿನಲ್ಲಿ ಇವು ‘ನಿರ್ವಹಿಸಲ್ಪಡುವ ದೀಪ’, ‘ನಿರ್ವಹಿಸಲ್ಪಡದ ದೀಪ’ ಆಗಿವೆ. ಎರಡನೆಯದನ್ನು ಓದಿದ ಎಲೆಕ್ಟ್ರಿಷಿಯನ್ ಏನು ತಿಳಿಯುತ್ತಾನೆ? ಈ ದೀಪಕ್ಕೆ ಮೇಂಟೆನೆನ್ಸ್ ಬೇಡ, ಅಥವಾ ಇದು ತನ್ನ ಲೆಕ್ಕಕ್ಕೆ ಸೇರಿದ್ದಲ್ಲ ಎಂದು. ವಾಸ್ತವದಲ್ಲಿ ಮೇಲಿಂದ ಮೇಲೆ ನೋಡಬೇಕಾದದ್ದು ಅದನ್ನೇ.

ಇಲ್ಲಿ ಈ ಪದಕ್ಕೂ ರಿಪೇರಿಗೂ ಸಂಬಂಧವೇ ಇಲ್ಲ. ದೀಪ ಯಾವಾಗ ಉರಿಯುತ್ತದೆ ಎಂಬುದಷ್ಟೇ ಅದರ ಮಾತು. ಮೊದಲನೆಯ ಬಗೆಯದು ಮಾಮೂಲಿ ದೀಪಗಳ ಜತೆಗೇ ಉರಿಯುತ್ತಿರುತ್ತದೆ. ಕರೆಂಟ್ ಹೋದರೆ ಬ್ಯಾಟರಿಯ ಮೇಲೆ ಉರಿಯುತ್ತಲೇ ಇರುತ್ತದೆ. ಚಿತ್ರಮಂದಿರದ ಬಾಗಿಲ ಮೇಲೆ ಕತ್ತಲಲ್ಲೂ ಕಾಣುವ ಎಕ್ಸಿಟ್ ಬೋರ್ಡು ಈ ಬಗೆಯದು. ಎರಡನೆಯದು ದಿನವೆಲ್ಲ ಆರಿರುತ್ತದೆ, ಒಳಗೆ ಬ್ಯಾಟರಿ ಚಾರ್ಜ್ ಆಗುತ್ತಿರುತ್ತದೆ, ಮಾಮೂಲಿ ದೀಪಕ್ಕೆ ಬರುವ ಕರೆಂಟ್ ನಿಂತಾಗ ಮಾತ್ರ ಹತ್ತುತ್ತದೆ. ಉರಿಯುವ ದೀಪ ಕೆಟ್ಟರೆ ಬಾಗಿಲಲ್ಲಿ ಹಾದುಹೋಗುವವರಿಗೂ ಗೊತ್ತಾಗುತ್ತದೆ. ಆರಿರುವ ದೀಪ ಕೆಟ್ಟಿದೆಯೋ ಚೆನ್ನಾಗಿದೆಯೋ ಎಂದು ಪರೀಕ್ಷೆ ಮಾಡದೆ ಹೇಳಲು ಬರುವುದಿಲ್ಲ. ಅಂಥದ್ದಕ್ಕೆ ‘ನಿರ್ವಹಿಸಲ್ಪಡದ’ ಎಂಬ ಹಣೆಪಟ್ಟಿ ಹಚ್ಚುವುದು ಅಪಾಯವೇ ಸರಿ.

ಹಾಗಾದರೆ ಏನನ್ನೋಣ? ಮೊದಲನೆಯದಕ್ಕೆ, ಅಂದರೆ ಉರಿಯುತ್ತಿರುವ ಬಗೆಗೆ, ಬಂದ ಸಲಹೆಗಳಲ್ಲಿ ‘ನಂದಾದೀಪ’ ಒಂದು. ಕೇಳಲು ಹಿತವಾದ ಪದ. ಆದರೆ ದೇವರ ಮುಂದಿನ ಬೆಳಕನ್ನು ನೆನಪಿಗೆ ತರುವ ಪದವನ್ನು ರಿಜಿಸ್ಟರಿಗೆ ತಂದರೆ ಅರ್ಥ ಬೇರೆಲ್ಲಿಗೋ ಹೋಗುತ್ತದೆ. ಅದಕ್ಕಿಂತ ದೊಡ್ಡ ತೊಡಕೆಂದರೆ, ಈ ದೀಪ ಎಂದೂ ಆರುವುದಿಲ್ಲ ಎನ್ನುವುದೇ ನಿಜವಲ್ಲ. ಕಟ್ಟಡದಲ್ಲಿ ಯಾರೂ ಇಲ್ಲದ ಹೊತ್ತಿನಲ್ಲಿ ಮಾಮೂಲಿ ದೀಪಗಳ ಜತೆ ಇದನ್ನೂ ಆರಿಸುವ ಏರ್ಪಾಡು ಇರಬಹುದು. ‘ಸದಾ ಉರಿಯುವ ದೀಪ’ ಎಂದರೂ ಇದೇ ದೋಷ.

ಇನ್ನೊಂದಕ್ಕೆ ‘ಕಾದಿರುವ ದೀಪ’ ಎಂಬ ಸಲಹೆ ಬಂದಿತ್ತು, ಕರೆಂಟ್ ಹೋಗುವುದನ್ನೇ ಕಾಯುತ್ತಾ ಕೂತದ್ದು ಎಂಬ ಅರ್ಥದಲ್ಲಿ. ಕನ್ನಡದಲ್ಲಿ ಕಬ್ಬಿಣವೂ ಕಾಯುತ್ತದೆ, ಎಣ್ಣೆಯೂ ಕಾಯುತ್ತದೆ. ಬಿಸಿಯಾದರೆ ಬ್ಯಾಟರಿಯ ಆಯುಸ್ಸು ಕಡಿಮೆಯಾಗುತ್ತದೆ ಎಂದು ಅದೇ ಕೈಪಿಡಿ ಎರಡು ಪುಟ ಆಚೆ ಎಚ್ಚರಿಸುತ್ತದೆ. ಅಂಥ ಕಡೆ ‘ಕಾದಿರುವ ದೀಪ’ ಎಂದರೆ ಮುಟ್ಟಿ ನೋಡಲು ಹೋಗುವವರೇ ಹೆಚ್ಚು.

‘ಕರೆಂಟ್ ಹೋದಾಗ ಹತ್ತುವ ದೀಪ’ ಎಲ್ಲರಿಗೂ ತಿಳಿಯುತ್ತದೆ, ನಾನೂ ಮೊದಲು ಅದರ ಕಡೆಗೇ ವಾಲಿದ್ದೆ. ಅದರಲ್ಲೂ ಒಂದು ಬಿರುಕಿದೆ. ಕಟ್ಟಡಕ್ಕೆಲ್ಲ ಕರೆಂಟ್ ಇದ್ದು, ಒಂದು ಕಾರಿಡಾರಿನ ದೀಪಗಳ ಎಂಸಿಬಿ (ತೊಂದರೆಯಾದಾಗ ತಾನಾಗಿ ಲೈನ್ ಕಡಿಯುವ ಸ್ವಿಚ್) ಮಾತ್ರ ಟ್ರಿಪ್ ಆಯಿತು ಎನ್ನಿ. ಆಗಲೂ ಆ ಕಾರಿಡಾರಿನ ಎಮರ್ಜೆನ್ಸಿ ಲೈಟು ಹತ್ತಲೇಬೇಕು. ಮೆಟ್ಟಿಲ ಮೇಲಿರುವವನಿಗೆ ಕತ್ತಲೆ ಎಲ್ಲಿಂದ ಬಂದರೂ ಕತ್ತಲೆಯೇ. ಅದಕ್ಕಾಗಿಯೇ ಆ ಲೈಟಿಗೆ ಚಾರ್ಜಿನ ತಂತಿಯನ್ನು ಅದೇ ಜಾಗದ ದೀಪಗಳ ಲೈನಿನಿಂದ ಕೊಡುತ್ತಾರೆ. ‘ಕರೆಂಟ್ ಹೋದಾಗ’ ಎಂದು ಬರೆದರೆ, ಮೇನ್ ಸ್ವಿಚ್ ಆರಿಸಿ ಒಮ್ಮೆ ನೋಡಿದರೆ ಮುಗಿಯಿತು, ಒಂದೊಂದು ಲೈನನ್ನೂ ಆರಿಸಿ ನೋಡಬೇಕಿಲ್ಲ ಎಂದು ಓದುಗ ತಿಳಿದಾನು. ಜನರೇಟರ್ ಇದೆಯಲ್ಲ, ಕರೆಂಟ್ ಹೋಗುವ ಪ್ರಶ್ನೆಯೇ ಇಲ್ಲ ಎಂಬ ವಾದಕ್ಕೂ ಈ ಪದವೇ ಬಾಗಿಲು ತೆಗೆದುಕೊಡುತ್ತದೆ.

ಹೀಗಾಗಿ ಸದ್ಯಕ್ಕೆ ನನ್ನ ಒಲವು ನಾಮಪದ ಕಟ್ಟುವುದರ ಕಡೆಗಿಲ್ಲ. ರಿಜಿಸ್ಟರಿನಲ್ಲಿ ‘ದೀಪದ ಬಗೆ’ ಎಂಬ ಕಾಲಮ್ಮನ್ನು ತೆಗೆದು ‘ಎಂದಿನ ಸ್ಥಿತಿ’ ಎಂದು ಬರೆದು, ಅದರ ಕೆಳಗೆ ‘ಉರಿಯುತ್ತಿರುತ್ತದೆ’ ಅಥವಾ ‘ಆರಿರುತ್ತದೆ’ ಎಂದು ತುಂಬಿಸುವುದು. ಓದಿದವನಿಗೆ ತಾನು ಏನು ನೋಡಬೇಕೆಂದು ಅಲ್ಲೇ ತಿಳಿಯುತ್ತದೆ. ಆದರೆ ಕೈಪಿಡಿಯ ಒಳಗೆ, ಒಂದೇ ಪುಟದಲ್ಲಿ ಐದಾರು ಸಲ ಬರುವ ಕಡೆ, ಚಿಕ್ಕ ಹೆಸರು ಬೇಕೇ ಬೇಕು. ‘ಎಂದಿನ ದೀಪ’ ಎಂದರೆ ಮಾಮೂಲಿ ದೀಪದ ಜತೆ ಗೊಂದಲ. ‘ಆರಿದ್ದು ಹತ್ತುವ ದೀಪ’ ನನಗೆ ಹಿಡಿಸಿದೆ, ಆದರೆ ಅದಕ್ಕೆ ಜೋಡಿ ಸಿಗುತ್ತಿಲ್ಲ.

ಎರಡನೆಯ ವಿಷಯ, ರಿಜಿಸ್ಟರಿನಲ್ಲಿ ಕೆಲಸಗಾರರು ತಾವೇ ಬರೆಯುವ ಮಾತು. ಹಳೆಯ ಪುಟಗಳ ಮಾದರಿಯನ್ನು ಕಳಿಸಿಕೊಟ್ಟಿದ್ದಾರೆ. ಅದರಲ್ಲಿ ಒಂದು ಸಾಲು: ‘ನೆಲಮಹಡಿ, ಹಿಂದಿನ ಮೆಟ್ಟಿಲು, ಲೈಟ್ ಹೋಗಿದೆ.’ ಏನಾಗಿದೆ ಅಲ್ಲಿ? ಲೈಟಿನ ಎಲ್‌ಇಡಿ ಕೆಟ್ಟಿದೆಯೋ? ಬ್ಯಾಟರಿ ಸತ್ತಿದೆಯೋ? ಹತ್ತಿದ್ದು ನಡುವೆ ಆರಿಹೋಯಿತೋ? ಅಥವಾ ಮಾಮೂಲಿ ಲೈಟು ಹೋಗಿದ್ದು, ಎಮರ್ಜೆನ್ಸಿ ಲೈಟು ಚೆನ್ನಾಗಿಯೇ ಉರಿಯಿತೋ? ಆಡುಮಾತಿನಲ್ಲಿ ಕರೆಂಟೂ ಹೋಗುತ್ತದೆ, ಬಲ್ಬೂ ಹೋಗುತ್ತದೆ, ಬ್ಯಾಟರಿಯೂ ಹೋಗುತ್ತದೆ. ಇನ್ನೊಂದು ಸಾಲಿನಲ್ಲಿ ‘ದೀಪ ಕೆಟ್ಟಿದೆ’ ಎಂದಿದೆ. ಹಳೆಯ ಕನ್ನಡದಲ್ಲಿ ದೀಪ ಕೆಡುವುದೆಂದರೆ ಆರುವುದು. ಇವತ್ತಿನ ಬಳಕೆಯಲ್ಲಿ ಕೆಡುವುದೆಂದರೆ ಹಾಳಾಗುವುದು. ಇಲ್ಲಿ ಎರಡನೆಯದೇ ಇದ್ದೀತು. ಕರಡು ಇವಕ್ಕೆಲ್ಲ ಒಟ್ಟಾಗಿ ‘ವೈಫಲ್ಯ’ ಎಂದಿದೆ: ವಿದ್ಯುತ್ ವೈಫಲ್ಯ, ದೀಪ ವೈಫಲ್ಯ, ಪರೀಕ್ಷಾ ವೈಫಲ್ಯ. ಗೊಂದಲ ಅಲ್ಲಿಂದ ಇಲ್ಲಿಗೆ ಬಂತೇ ಹೊರತು ಕಡಿಮೆಯಾಗಲಿಲ್ಲ. ನಾನು ಬರೆದಿಟ್ಟುಕೊಂಡಿರುವುದು ಮೂರು ಮಾತು: ‘ಹತ್ತಲಿಲ್ಲ’, ‘ಹತ್ತಿತು, ಮಂಕಾಗಿತ್ತು’, ‘ಹತ್ತಿತು, ಇಷ್ಟು ನಿಮಿಷಕ್ಕೆ ಆರಿತು’. ಈ ಮೂರರಲ್ಲಿ ಯಾವುದನ್ನು ಬರೆದರೂ ಮುಂದೆ ರಿಪೇರಿಗೆ ಬರುವವನಿಗೆ ಎಲ್ಲಿಂದ ಶುರು ಮಾಡಬೇಕೆಂಬ ಸುಳಿವು ಸಿಗುತ್ತದೆ.

ಪರೀಕ್ಷೆಗಳ ಹೆಸರು ಇನ್ನೊಂದು ಗಂಟು. ‘ಕ್ರಿಯಾತ್ಮಕ ಪರೀಕ್ಷೆ’, ‘ಅವಧಿ ಪರೀಕ್ಷೆ’ ಎಂದು ಕರಡಿನಲ್ಲಿದೆ. ಮೊದಲನೆಯದು ದೀಪ ಹತ್ತುತ್ತದೆಯೇ ಎಂದಷ್ಟೇ ನೋಡುವುದು. ಎರಡನೆಯದು, ಎಷ್ಟು ಹೊತ್ತು ಉರಿಯುತ್ತದೆಂದು ದೀಪದ ಮೇಲೆ ನಮೂದಾಗಿದೆಯೋ ಅಷ್ಟೂ ಹೊತ್ತು ಉರಿಯುತ್ತದೆಯೇ ಎಂದು ನೋಡುವುದು. ಅಮೆರಿಕದ ಎನ್‌ಎಫ್‌ಪಿಎ 101 ಎಂಬ ಅಗ್ನಿಸುರಕ್ಷತೆಯ ಸಂಹಿತೆಯ ಪ್ರಕಾರ ತಿಂಗಳಿಗೊಮ್ಮೆ ಕನಿಷ್ಠ 30 ಸೆಕೆಂಡು, ವರ್ಷಕ್ಕೊಮ್ಮೆ ಕನಿಷ್ಠ 90 ನಿಮಿಷ ಉರಿಸಿ ನೋಡಬೇಕು. ಯುರೋಪಿನ ಇಎನ್ 50172 ಮಾನದಂಡದಲ್ಲೂ ತಿಂಗಳಿಗೊಮ್ಮೆ ಚಿಕ್ಕದು, ವರ್ಷಕ್ಕೊಮ್ಮೆ ಪೂರ್ತಿಯದು ಎಂಬ ಕ್ರಮವೇ. ಪೂರ್ತಿಯೆಂದರೆ ಆ ದೀಪಕ್ಕೆ ಹೇಳಿದ 1 ಗಂಟೆಯೋ 3 ಗಂಟೆಯೋ. ‘ಅವಧಿ ಪರೀಕ್ಷೆ’ ಎಂದರೆ ಅವಧಿಗೊಮ್ಮೆ ಮಾಡುವ ಪರೀಕ್ಷೆ ಎಂದು ಓದಲು ಏನೂ ಅಡ್ಡಿಯಿಲ್ಲ. ಹಾಗೆ ಓದಿದವರು ತಿಂಗಳ ತಿಂಗಳ ಪರೀಕ್ಷೆಯನ್ನೇ ಅವಧಿ ಪರೀಕ್ಷೆ ಎಂದುಕೊಂಡು ವರ್ಷದ ಪರೀಕ್ಷೆಯನ್ನು ಕೈಬಿಡಬಹುದು.

ಕೈಬಿಟ್ಟರೆ ಏನಾಗುತ್ತದೆ ಎಂಬುದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ಪದದ ಆಯ್ಕೆ ನಿಂತಿರುವುದೇ ಇದರ ಮೇಲೆ. ಲೈಟಿನ ಬದಿಯಲ್ಲಿ ಪುಟ್ಟ ಟೆಸ್ಟ್ ಬಟನ್ ಇರುತ್ತದೆ, ಅದರ ಪಕ್ಕದಲ್ಲಿ ಚಾರ್ಜ್ ಆಗುತ್ತಿದೆ ಎಂದು ತೋರಿಸುವ ಒಂದು ಚುಕ್ಕಿ ಬೆಳಕು. ಬಟನ್ ಒತ್ತಿದರೆ ಮುದಿ ಬ್ಯಾಟರಿಯ ದೀಪವೂ ಹೊಸದರಷ್ಟೇ ಬೆಳ್ಳಗೆ ಹತ್ತುತ್ತದೆ. ಬೆರಳು ತೆಗೆದರೆ ಆರುತ್ತದೆ. ‘ಸರಿ ಇದೆ’ ಎಂದು ಬರೆದು ಮುಂದಿನದಕ್ಕೆ ಹೋಗುತ್ತಾರೆ. ಅದೇ ದೀಪವನ್ನು ಲೈನ್ ಆರಿಸಿ ಬಿಟ್ಟು ನೋಡಿದರೆ ಅರ್ಧ ಗಂಟೆಗೋ ಮುಕ್ಕಾಲು ಗಂಟೆಗೋ ಮಂಕಾಗುತ್ತಾ ಬಂದು ಆರಿಹೋದೀತು. ಚುಕ್ಕಿ ಬೆಳಕು ಹೇಳುವುದು ಬ್ಯಾಟರಿಗೆ ಕರೆಂಟ್ ಹರಿಯುತ್ತಿದೆ ಎಂದಷ್ಟೇ; ಅದು ಎಷ್ಟು ಹೊತ್ತು ತಾಳುತ್ತದೆ ಎಂಬುದನ್ನಲ್ಲ. ಬ್ಯಾಟರಿ ತನ್ನೊಳಗೇ ಇರುವ ದೀಪಗಳಲ್ಲಿ ಅದು ಕನಿಷ್ಠ 4 ವರ್ಷ ಬಾಳುವಂತಿರಬೇಕು ಎಂದು ಅಂತರರಾಷ್ಟ್ರೀಯ ಮಾನದಂಡ ಕೇಳುತ್ತದೆ. ಸೆಕೆ ಹೆಚ್ಚಿರುವ ಜಾಗದಲ್ಲಿ ಅದಕ್ಕೂ ಮೊದಲೇ ಸೋಲಬಹುದು, ಮತ್ತು ಆ ಸೋಲು ಕಾಣುವುದು ಪೂರ್ತಿ ಉರಿಸಿ ನೋಡಿದಾಗ ಮಾತ್ರ.

ಅದಕ್ಕೆ ನನ್ನ ಸೂಚನೆ: ‘ಹತ್ತಿಸಿ ನೋಡುವ ಪರೀಕ್ಷೆ’ ಮತ್ತು ‘ಪೂರ್ಣಾವಧಿ ಪರೀಕ್ಷೆ’. ಎರಡನೆಯದು ಸಂಸ್ಕೃತದ್ದಾದರೂ ‘ಪೂರ್ಣಾವಧಿ’ ಎಲ್ಲರ ಬಾಯಲ್ಲಿರುವ ಪದ. ‘ತಾಳಿಕೆ ಪರೀಕ್ಷೆ’ ಎಂದವರೂ ಇದ್ದಾರೆ. ಚೆಲುವಾದ ಪದ, ಆದರೆ ಎಷ್ಟು ಹೊತ್ತು ಎಂಬುದನ್ನು ಅದು ಹೇಳುವುದಿಲ್ಲ. ಪೂರ್ಣಾವಧಿ ಪರೀಕ್ಷೆ ಮುಗಿದ ಮೇಲೆ ಬ್ಯಾಟರಿ ಮತ್ತೆ ತುಂಬಲು ಸಾಮಾನ್ಯವಾಗಿ 24 ಗಂಟೆ ಬೇಕು. ಅಕ್ಕಪಕ್ಕದ ದೀಪಗಳನ್ನು ಒಟ್ಟಿಗೆ ಪರೀಕ್ಷಿಸಬಾರದು, ಜನ ಇಲ್ಲದ ಹೊತ್ತು ಶುರುವಾಗುವ ಮುನ್ನ ಮಾಡಬೇಕು ಎಂಬುದು ಅದಕ್ಕೇ. ಇದರ ಬಗ್ಗೆ ಕರಡಿನಲ್ಲಿರುವ ವಾಕ್ಯ ಹೀಗಿದೆ: ‘ವಿಸರ್ಜನೆಯ ನಂತರ ಪುನರಾವೇಶನಕ್ಕೆ ಅವಕಾಶ ನೀಡತಕ್ಕದ್ದು.’ ವಿಸರ್ಜನೆ ಎಂದರೆ ಓದುಗನಿಗೆ ಸಭೆಯೋ ಗಣಪತಿಯೋ ನೆನಪಾಗುತ್ತದೆ. ‘ಚಾರ್ಜ್ ಪೂರ್ತಿ ಇಳಿದ ಮೇಲೆ ಮತ್ತೆ ತುಂಬಲು ಒಂದು ದಿನ ಬಿಡಿ’ ಎಂದರೆ ಸಾಕು. ಚಾರ್ಜ್ ಏರುತ್ತದೆ, ಇಳಿಯುತ್ತದೆ. ಈ ಕ್ರಿಯಾಪದಗಳು ಜನರ ಬಾಯಲ್ಲಿ ಆಗಲೇ ನೆಲೆಯೂರಿವೆ.

‘ತುರ್ತು ದೀಪ ಪರೀಕ್ಷೆ’ ಎಂಬ ತಲೆಬರಹದ ಬಗ್ಗೆಯೂ ಒಂದು ಮಾತು. ಬಿಡಿಸಿ ಬರೆದರೆ ತುರ್ತಾಗಿ ಮಾಡುವ ದೀಪಪರೀಕ್ಷೆ ಎಂದೂ ಆಗುತ್ತದೆ. ಇದು ತುರ್ತಿನ ಕೆಲಸವೇ ಅಲ್ಲ, ವೇಳಾಪಟ್ಟಿ ಹಾಕಿಕೊಂಡು ನಿಧಾನವಾಗಿ ಮಾಡುವಂಥದ್ದು. ‘ತುರ್ತುದೀಪಗಳ ಪರೀಕ್ಷೆ’ ಎಂದು ಕೂಡಿಸಿ, ಷಷ್ಠಿ ಹಚ್ಚಿದರೆ ತೊಡಕು ಹೋಗುತ್ತದೆ.

‘ಪಲಾಯನ ಮಾರ್ಗ’ವನ್ನು ನಾನು ಆಗಲೇ ತೆಗೆದುಹಾಕಿದ್ದೇನೆ. ಯುದ್ಧದಿಂದ ಓಡಿಹೋದವನ ನೆರಳು ಆ ಪದದ ಮೇಲಿದೆ, ಓಡಿ ಎಂದು ಹೇಳಿದ ಹಾಗೂ ಆಗುತ್ತದೆ. ‘ಹೊರದಾರಿ’ ಎಂದು ಹಾಕಿದ್ದೇನೆ. ಯುರೋಪಿನ ಇಎನ್ 1838 ಮಾನದಂಡದ ಪ್ರಕಾರ ಹೊರದಾರಿಯ ಉದ್ದಕ್ಕೂ ನೆಲದ ಮೇಲೆ ಕನಿಷ್ಠ 1 ಲಕ್ಸ್ (ಬೀಳುವ ಬೆಳಕಿನ ಅಳತೆ) ಬೆಳಕು ಬೀಳಬೇಕು, ಅದರ ಅರ್ಧದಷ್ಟು 5 ಸೆಕೆಂಡಿನಲ್ಲಿ, ಪೂರ್ತಿ 60 ಸೆಕೆಂಡಿನೊಳಗೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನಲ್ಲಿ 1993ರ ಬಾಂಬ್ ಸ್ಫೋಟವಾದಾಗ ಕರೆಂಟ್ ಹೋಗಿ, ಸಾವಿರಾರು ಜನ ಹೊಗೆ ತುಂಬಿದ ಕತ್ತಲ ಮೆಟ್ಟಿಲುಗಳಲ್ಲಿ ಇಳಿಯಬೇಕಾಯಿತು. ಬ್ಯಾಟರಿಯಿಂದ ಉರಿಯುವ ದೀಪಗಳು, ಕತ್ತಲಲ್ಲಿ ಹೊಳೆಯುವ ಬಣ್ಣದ ಗುರುತುಗಳು ಆ ಮೆಟ್ಟಿಲುಗಳಿಗೆ ಬಂದದ್ದು ಅದಾದ ಮೇಲೆ. ಒಂದು ಲಕ್ಸ್ ಎಂದರೆ ಓದಲು ಸಾಲದ ಬೆಳಕು. ಮೆಟ್ಟಿಲಂಚು ಕಾಣಲು ಸಾಕು. ಹಾಗಾಗಿ ‘ಪ್ರಕಾಶ’, ‘ಪ್ರಖರತೆ’ ಎಂಬ ಪದಗಳನ್ನೂ ಆ ಅಧ್ಯಾಯದಿಂದ ತೆಗೆದಿದ್ದೇನೆ, ಎಲ್ಲ ಕಡೆ ‘ಬೆಳಕು’ ಎಂದೇ ಇದೆ.

ಇನ್ನೂ ಬಗೆಹರಿಯದೆ ಉಳಿದದ್ದು ಎರಡು. ಒಂದು, ಮೇಲೆ ಹೇಳಿದ ‘ಆರಿದ್ದು ಹತ್ತುವ ದೀಪ’ಕ್ಕೆ ಜೋಡಿಪದ. ಇನ್ನೊಂದು, ರೆಸ್ಟ್ ಮೋಡ್. ಕಟ್ಟಡ ಖಾಲಿಯಿದ್ದಾಗ ಬೇಕೆಂದೇ ಮೇನ್ ಆರಿಸಿದರೆ ಎಮರ್ಜೆನ್ಸಿ ಲೈಟುಗಳು ಸುಮ್ಮನೆ ಉರಿದು ಚಾರ್ಜ್ ಇಳಿಸಿಕೊಳ್ಳದಂತೆ ಅವನ್ನು ಆರಿಸಿಡುವ ಸ್ಥಿತಿ ಅದು. ಮೇನ್ ಮತ್ತೆ ಬಂದೊಡನೆ ತಾನಾಗಿಯೇ ಮೊದಲಿನ ಸ್ಥಿತಿಗೆ ಮರಳುತ್ತದೆ. ಕರಡಿನಲ್ಲಿ ‘ವಿಶ್ರಾಂತಿ ಕ್ರಮ’ ಎಂದಿದೆ. ದೀಪವನ್ನು ಸೇವೆಯಿಂದ ತೆಗೆದಿಟ್ಟಿದ್ದಾರೆ ಎಂದು ಯಾರೂ ತಿಳಿಯಬಾರದು, ತಾನಾಗಿ ಮರಳುತ್ತದೆ ಎಂಬುದೂ ಪದದಲ್ಲಿ ಕಾಣಬೇಕು. ‘ತಾತ್ಕಾಲಿಕ ತಡೆ’ಗಿಂತ ಒಳ್ಳೆಯದು ನನಗೆ ಹೊಳೆದಿಲ್ಲ. ಕಟ್ಟಡಗಳ ವಿದ್ಯುತ್ ಕೆಲಸದಲ್ಲಿ ಇರುವವರು ಬಳಗದಲ್ಲಿದ್ದರೆ, ನಿಮ್ಮ ಜತೆಯವರು ಇದಕ್ಕೆ ಏನನ್ನುತ್ತಾರೆ ಎಂದು ದಯವಿಟ್ಟು ತಿಳಿಸಿ.