ಗಿಳಿಮೀನು ಹವಳವನ್ನು ಹೆರೆಯುತ್ತದೆಯೋ, ಅಗೆಯುತ್ತದೆಯೋ?

ನಮಸ್ಕಾರ. ನನಗೊಂದು ಕ್ರಿಯಾಪದ ಬೇಕು. ಸರಿಯಾಗಿ ನೋಡಿದರೆ ಎರಡು ಬೇಕು.

ಬಾಗಲಕೋಟೆಯ ಶಾಲೆಯೊಂದರ ಗೋಡೆ ಪತ್ರಿಕೆಗೆ ಗಿಳಿಮೀನಿನ ಬಗ್ಗೆ ಬರೆಯುತ್ತಿದ್ದೇನೆ. ನಮ್ಮ ಮಕ್ಕಳು ಆಲಮಟ್ಟಿ ಹಿನ್ನೀರಿನ ರೋಹು, ಕಾಟ್ಲಾ ಬಲ್ಲವರು, ಹವಳ ಅಂದರೆ ಅವರಿಗೆ ಸರದಲ್ಲಿ ಪೋಣಿಸಿದ ಕೆಂಪು ಮಣಿ ಅಷ್ಟೇ. ಮುರುಡೇಶ್ವರದ ಆಚೆ ನೇತ್ರಾಣಿ ದ್ವೀಪದ ಸುತ್ತ ಹವಳ ಇದೆ, ಲಕ್ಷದ್ವೀಪದಲ್ಲಂತೂ ಜಾಸ್ತಿ, ಅಲ್ಲೆಲ್ಲ ಈ ಮೀನು ಸಿಗುತ್ತದೆ ಅಂತ ಬರೆದೆ. ಅಲ್ಲಿಗೆ ತೊಂದರೆ ಇರಲಿಲ್ಲ. ಆಮೇಲೆ ಅದು ಹವಳದ ದಿಬ್ಬದ (ಹವಳ ಅನ್ನುವ ಸಣ್ಣ ಕಡಲಜೀವಿಗಳು ಕಟ್ಟಿದ ಸುಣ್ಣಕಲ್ಲಿನ ದಿಬ್ಬ) ಮೇಲೆ ಏನು ಮಾಡುತ್ತದೆ ಅಂತ ಬರೆಯಲು ಹೋದಾಗ ಪೆನ್ನು ನಿಂತಿತು.

‘ತಿನ್ನುತ್ತದೆ’ ಅಂದುಬಿಡಬಹುದು. ಆದರೆ ಅದು ಅರ್ಧ ಮಾತು. ಈ ಮೀನಿನ ಹಲ್ಲುಗಳು ಒಂದಕ್ಕೊಂದು ಬೆಸೆದುಕೊಂಡು ಕೊಕ್ಕಾಗಿವೆ, ಹೆಸರು ಬಂದದ್ದೇ ಅದರಿಂದ. ಅದಕ್ಕೆ ಬೇಕಾದದ್ದು ಹೆಚ್ಚಾಗಿ ಹವಳವೂ ಅಲ್ಲ, ಸತ್ತ ಹವಳದ ಮೇಲೆ ಮತ್ತು ಅದರ ಒಳಗೆ ಬೆಳೆದ ಪಾಚಿ, ಕಣ್ಣಿಗೆ ಕಾಣದ ಸಣ್ಣ ಜೀವಿಗಳು. ಅದನ್ನು ಕೀಳುವ ರೀತಿ ಒಂದೊಂದು ಗುಂಪಿಗೆ ಒಂದೊಂದು. ಕ್ಯಾಲೊಟೋಮಸ್ ಗುಂಪಿನವು ದೊಡ್ಡ ಎಲೆಯಂಥ ಪಾಚಿ, ಕಡಲಹುಲ್ಲು ತಿನ್ನುತ್ತವೆ, ಅವಕ್ಕೆ ‘ಮೇಯು’ ಸಾಕು. ಸ್ಕೇರಸ್ ಗುಂಪಿನವು ಕಲ್ಲಿನ ಮೇಲ್ಮೈಯನ್ನಷ್ಟೇ ತೆಳ್ಳಗೆ ತೆಗೆಯುತ್ತವೆ. ಕ್ಲೋರೂರಸ್ ಗುಂಪಿನವು ಕಚ್ಚಿದರೆ ಕಲ್ಲಿನಲ್ಲಿ ಕುಳಿಯೇ ಬೀಳುತ್ತದೆ. ಈ ಕೊನೆಯ ಎರಡಕ್ಕೂ ಒಂದೇ ಪದ ಹಾಕಿದರೆ ವ್ಯತ್ಯಾಸವೇ ಹೋಯಿತು, ಅಲ್ವಾ?

ತೆಳ್ಳಗೆ ತೆಗೆಯುವುದಕ್ಕೆ ‘ಹೆರೆ’ ಚೆನ್ನಾಗಿದೆ. ಆದರೆ ‘ಹೆರೆಯುವ ಮೀನು’ ಅಂತ ಬರೆದರೆ ಅವಸರದಲ್ಲಿ ಓದುವ ಹುಡುಗ ‘ಹೆರುವ ಮೀನು’ ಅಂದುಕೊಂಡಾನು. ಮೊದಲೇ ಈ ಮೀನಿನ ಸಂಸಾರ ಗೊಂದಲದ್ದು: ಅನೇಕ ಜಾತಿಗಳಲ್ಲಿ ಮಂಕು ಕಂದು ಬಣ್ಣದ ಹೆಣ್ಣು ಮುಂದೆ ಹಸಿರು-ನೀಲಿ ಬಣ್ಣದ ಗಂಡಾಗುತ್ತದೆ, ಹಿಂದಿನ ವಿಜ್ಞಾನಿಗಳು ಇವೆರಡನ್ನು ಬೇರೆ ಬೇರೆ ಜಾತಿ ಅಂದುಕೊಂಡು ಬೇರೆ ಬೇರೆ ಹೆಸರು ಕೊಟ್ಟದ್ದೂ ಉಂಟು. ಅದರ ಜೊತೆಗೆ ಈ ಗೊಂದಲವೂ ಯಾಕೆ? ‘ಕೆರೆ’ ಅಂದರೆ ತುರಿಕೆ, ಇಲ್ಲವೇ ನೀರಿನ ಕೆರೆ. ಹಾಗಾಗಿ ಸದ್ಯ ‘ಹೆರೆದು ತಿನ್ನುತ್ತದೆ’ ಅಂತ ಇಟ್ಟುಕೊಂಡಿದ್ದೇನೆ.

ಕುಳಿ ಬೀಳಿಸುವುದಕ್ಕೆ ‘ಅಗೆ’ ಅನ್ನೋಣವೇ? ಇಲ್ಲೊಂದು ತೊಡಕು ನಮ್ಮ ಕಡೆಯದೇ. ಮನೆಯನ್ನು ಮನಿ ಅನ್ನುವ ನಾವು ‘ಅಗೆ’ಯನ್ನೂ ‘ಅಗಿ’ ಅಂತಲೇ ಅನ್ನುತ್ತೇವೆ, ನೆಲ ಅಗಿಯುವುದೂ ಅಡಿಕೆ ಅಗಿಯುವುದೂ ಕಿವಿಗೆ ಒಂದೇ. ತಮಾಷೆ ಅಂದರೆ ಈ ಮೀನು ಎರಡನ್ನೂ ಮಾಡುತ್ತದೆ. ಅದಕ್ಕೆ ಹೊಟ್ಟೆಯ ಚೀಲ ಇಲ್ಲ, ಕಿತ್ತ ಕಲ್ಲನ್ನು ಗಂಟಲಲ್ಲಿರುವ ಇನ್ನೊಂದು ಜೊತೆ ಹಲ್ಲುಗಳು ಖಡಿ ಮಷಿನ್ ಥರ ನುರಿಸಿ ಹಾಕುತ್ತವೆ, ಪಾಚಿ ಮೈಗೆ ಸೇರುತ್ತದೆ, ಉಳಿದದ್ದು ಹಿಂದಿನಿಂದ ಉಸುಕಾಗಿ ಹೊರಗೆ ಬೀಳುತ್ತದೆ. (‘ಮರಳು’ ಬೇಡ, ನಮ್ಮ ಮಕ್ಕಳಿಗೆ ಉಸುಕೇ ಸರಿ. ಈ ವಿಷಯದಲ್ಲಿ ನಾನು ಬಗ್ಗುವುದಿಲ್ಲ.) ಎಷ್ಟು ಅಂತೀರಿ? ಇವುಗಳಲ್ಲೇ ದೊಡ್ಡದು, ಹಣೆ ಉಬ್ಬಿದ ಗಿಳಿಮೀನು, ಒಂದು ಮೀಟರಿಗಿಂತ ಉದ್ದ ಬೆಳೆಯುತ್ತದೆ, ಒಂದೊಂದೂ ವರ್ಷಕ್ಕೆ 5 ಟನ್‌ಗಿಂತ ಜಾಸ್ತಿ ಹವಳದ ಕಲ್ಲನ್ನು ಒಳಗೆ ಹಾಕುತ್ತದೆ ಅಂತ ಆಸ್ಟ್ರೇಲಿಯಾದ ದೊಡ್ಡ ಹವಳದ ದಿಬ್ಬದಲ್ಲಿ ಲೆಕ್ಕ ಹಾಕಿದ್ದಾರೆ. ಇಂಥದ್ದಕ್ಕೆ ಸುಮ್ನೆ ‘ಕುಕ್ಕುತ್ತದೆ’ ಅಂದರೆ ಸಾಲದು.

‘ಕೆತ್ತು’ ನೋಡಿದೆ. ಬಾದಾಮಿ, ಪಟ್ಟದಕಲ್ಲು ಪಕ್ಕದಲ್ಲೇ ಇರುವಾಗ ಕೆತ್ತು ಅಂದರೆ ಶಿಲ್ಪವೇ ಕಣ್ಣ ಮುಂದೆ ಬರುತ್ತದೆ. ‘ಕೊರೆ’ ಅಂದರೆ ತೂತು ಬೀಳಬೇಕು. ನನ್ನ ಮನಸ್ಸು ‘ಕಡಿ’ಯ ಕಡೆ ವಾಲಿದೆ, ಹಲ್ಲಿನಿಂದ ಕಚ್ಚುವುದೂ ಅದೇ, ಕೊಡಲಿಯಿಂದ ಕತ್ತರಿಸುವುದೂ ಅದೇ. ಆದರೆ ಕುಳಿ ಬಿತ್ತು ಅನ್ನುವ ಅರ್ಥ ಅದರಲ್ಲಿ ಬರುವುದಿಲ್ಲ.

ಕೆಲವು ಜಾತಿಗಳು ರಾತ್ರಿ ಮೈಸುತ್ತ ಲೋಳೆ ಬಿಟ್ಟುಕೊಂಡು ಅದರೊಳಗೆ ಮಲಗುತ್ತವೆ. ಅದನ್ನು ‘ಲೋಳೆ ಚೀಲ’ ಅಂತ ಬರೆದಾಯಿತು, ಅದರಲ್ಲಿ ತಕರಾರಿಲ್ಲ.

ಇಳಕಲ್ ಕಡೆ ಕಲ್ಲಿನ ಕೆಲಸ ಬಲ್ಲವರು, ಕಾರವಾರ, ಭಟ್ಕಳದ ಮೀನುಗಾರರ ಮಾತು ಬಲ್ಲವರು ಇಲ್ಲಿದ್ದರೆ ಹೇಳಿ: ಬಂಡೆಯಿಂದ ಚಕ್ಕೆ ಎದ್ದು ಗುಳಿ ಬೀಳುವ ಹಾಗೆ ಕೀಳುವುದಕ್ಕೆ ನಿಮ್ಮಲ್ಲಿ ಒಂದೇ ಪದ ಇದೆಯೇ? ದಯವಿಟ್ಟು ಸಂಸ್ಕೃತದಲ್ಲಿ ಹೊಸದಾಗಿ ಕಟ್ಟಿ ಕೊಡಬೇಡಿ. ‘ಉತ್ಖನನಕಾರಿ ಮತ್ಸ್ಯ’ ಅಂದರೆ ಐದನೇ ಇಯತ್ತೆಯ ಮಕ್ಕಳು ಗೋಡೆಯ ಕಡೆ ತಿರುಗಿಯೂ ನೋಡುವುದಿಲ್ಲ.